ಗೆದ್ದಲು ಬಿಟ್ಟ ಮೀಸೆ, ಕತ್ತರಿ ಬಿಟ್ಟ ಕೈ

ಆಷಾಢದಲ್ಲಿ ಗೋಡೆಗೆ ಸುಣ್ಣ ಹೊಡೆಸೋಣವೆಂದು ನಮ್ಮ ಮಾವನವರ ಫೋಟೋ ಇಳಿಸಿ ನೋಡಿದರೆ, ಅದನ್ನು ಗೆದ್ದಲು ತಿಂದಿತ್ತು. ಪೂರ್ತಿ ತಿಂದಿದ್ದರೆ ಒಂದು ಸಲ ಅತ್ತು ಸುಮ್ಮನಾಗುತ್ತಿದ್ದೆವೇನೋ. ಆದರೆ ಗೆದ್ದಲು ಮೀಸೆಯನ್ನು ಬಿಟ್ಟಿತ್ತು. ಗಾಜಿನ ಹಿಂದೆ, ಮಣ್ಣಿನ ಗೆರೆಗಳ ನಡುವೆ, ಮುಖವಿಲ್ಲದ ಒಂದು ಮೀಸೆ ಕುಳಿತಿತ್ತು. ಮಾವನವರು ಬದುಕಿದ್ದಾಗ ಆ ಮೀಸೆಗೆ ಹೆದರದವರು ಊರಲ್ಲಿ ಇರಲಿಲ್ಲ. ಸತ್ತ ಮೇಲೂ ಗೆದ್ದಲು ಅದನ್ನು ಮುಟ್ಟುವ ಧೈರ್ಯ ಮಾಡಲಿಲ್ಲ ಎಂದು ಊರು ತೀರ್ಮಾನಿಸಿತು.

ನಮ್ಮದು ಸೋಲೂರಿನಿಂದ ಮಾಗಡಿ ಕಡೆಗೆ ಹೋಗುವ ರಸ್ತೆಯಲ್ಲಿ ಒಳಗೆ ಸರಿದುಕೊಂಡಿರುವ ಹಳ್ಳಿ. ನನ್ನ ಗಂಡ ಮನೋಹರ್ ಅಲ್ಲಿನ ಹಾಲಿನ ಡೇರಿಯ ಸೆಕ್ರೆಟರಿ. ಹಾಲಿಗೆ ನೀರು ಸೇರಿಸಿದ್ದನ್ನು ಕ್ಯಾನಿನ ಮುಚ್ಚಳ ತೆಗೆಯುವ ಮೊದಲೇ ಹೇಳಬಲ್ಲರು. ಮನುಷ್ಯರ ಮಾತಿನಲ್ಲಿ ಹಾಲೆಷ್ಟು, ನೀರೆಷ್ಟು ಎಂಬುದು ಮಾತ್ರ ಅವರಿಗೆ ಈವತ್ತಿನವರೆಗೂ ಗೊತ್ತಾಗಿಲ್ಲ. ಯಾರಾದರೂ "ಚೆನ್ನಾಗಿದ್ದೀರಾ?" ಎಂದು ಕೇಳಿದರೆ ನಿಂತು, ಯೋಚಿಸಿ, ಮಂಡಿ ನೋವಿನಿಂದ ಹಿಡಿದು ಉತ್ತರ ಕೊಡುವ ಜಾತಿ.

ಮೀಸೆಯನ್ನು ನೋಡಿದ ದಿನದಿಂದ ಅವರಿಗೆ ಒಂದು ಭಯ ಹಿಡಿಯಿತು. "ಇವತ್ತು ಅಪ್ಪ, ನಾಳೆ ನಾವು" ಎನ್ನುತ್ತ ಮೊಬೈಲಿನಲ್ಲಿ ಹುಡುಕತೊಡಗಿದರು. ಯಾವಳೋ ಒಬ್ಬ ಹೆಣ್ಣುಮಗಳು ಹಳೆಯ ಫೋಟೋಗಳನ್ನು ಅಂದವಾಗಿ ಜೋಡಿಸಿ ಸ್ಕ್ರ್ಯಾಪ್ ಬುಕ್ ಮಾಡುವುದು ಹೇಗೆಂದು ಅದರಲ್ಲಿ ಹೇಳಿಕೊಡುತ್ತಿದ್ದಳು. ಅವಳು ಹೇಳಿದ್ದು ಇಷ್ಟು: ಅಸಲಿ ಫೋಟೋಗೆ ಗೋಂದು ಹಚ್ಚಬೇಡಿ, ನಕಲು ತೆಗೆಸಿ ಅದನ್ನು ಅಂಟಿಸಿ. ಬರಿಗೈಯಲ್ಲಿ ಮುಟ್ಟಬೇಡಿ. ಆಸಿಡ್ ಇಲ್ಲದ ಕಾಗದ ಬಳಸಿ. ಯಾವ ಫೋಟೋವೇ ಆಗಲಿ ಮೂರು ಪ್ರತಿ ಇರಲಿ, ಅದರಲ್ಲಿ ಒಂದು ಮನೆಯಿಂದಾಚೆ ಇರಲಿ. ಬೇರೆ ಯಾವ ಗಂಡಸಾದರೂ ಇದನ್ನು ಕೇಳಿ ಮರೆಯುತ್ತಿದ್ದ. ನನ್ನ ಗಂಡ ಅದನ್ನು ಡೇರಿಯ ಸುತ್ತೋಲೆಯಂತೆ ಅಕ್ಷರಶಃ ಪಾಲಿಸಿದರು.

ಮಾಗಡಿಯ ಪುಸ್ತಕದಂಗಡಿಗೆ ಹೋಗಿ "ಆಸಿಡ್ ಇಲ್ಲದ ಪೇಪರ್ ಕೊಡಿ" ಎಂದು ಕೇಳಿದರು.

ಅಂಗಡಿಯವನು ಹೌಹಾರಿದ. "ಆಸಿಡ್ ಇರೋ ಪೇಪರ್ ನಾವು ಯಾವತ್ತೂ ಮಾರಿಲ್ಲ ಸಾರ್. ಯಾರ್ ಹೇಳಿದ್ದು ನಿಮಗೆ? ಆ ಎದುರುಗಡೆ ಅಂಗಡಿಯೋನ?"

ಕೈಗವಸು ಎಲ್ಲೂ ಸಿಗದೆ, ಡೇರಿಗೆ ಬರುವ ದನದ ಡಾಕ್ಟರ ಪೆಟ್ಟಿಗೆಯಿಂದ ಒಂದು ಜೊತೆ ತಂದರು. ಹಸುವಿಗೆ ಗರ್ಭ ಕಟ್ಟಿಸುವಾಗ ಡಾಕ್ಟರು ತೊಡುವುದು, ಭುಜದ ತನಕ ಬರುವ ತೆಳು ಪ್ಲಾಸ್ಟಿಕ್ಕು. ಅದನ್ನು ತೊಟ್ಟು, ಪಡಸಾಲೆಯಲ್ಲಿ ಕಾಲು ಚಾಚಿ ಕುಳಿತು, ತಮ್ಮ ಅಜ್ಜಿಯ ಫೋಟೋವನ್ನು ಎತ್ತಿ ಹಿಡಿದು ನೋಡುವಾಗ, ಹಾಲು ಹಾಕಿ ಹೋಗುತ್ತಿದ್ದ ಹೆಂಗಸರು ಬಾಗಿಲಲ್ಲಿ ಅರೆಗಳಿಗೆ ನಿಂತು, ಸೆರಗಿನಿಂದ ಬಾಯಿ ಮುಚ್ಚಿಕೊಂಡು ಓಡುತ್ತಿದ್ದರು.

ನಮ್ಮ ಅತ್ತೆ ಸಿದ್ದಮ್ಮನವರು ಮೂಲೆಯಲ್ಲಿ ಎಲೆಯಡಿಕೆ ಕುಟ್ಟುತ್ತ ಮಗನನ್ನೇ ನೋಡುತ್ತಿದ್ದರು. ಎಂಬತ್ತು ದಾಟಿದ ಜೀವ. ಕಿವಿ ಚುರುಕು, ಮಾತು ಕಡಿಮೆ.

"ಏನ್ಲಾ ಮನೋರ ಅದು?"

"ನಮ್ಮ ವಂಶದ ಫೋಟೋನೆಲ್ಲ ಒಂದು ಬುಕ್ಕಲ್ಲಿ ಜೋಡಿಸ್ತೀನಿ ಕಣವ್ವ. ಇನ್ನು ಯಾರೂ ಅಳಿಸೋಕಾಗಲ್ಲ."

ಅತ್ತೆ ಒಂದು ಗಳಿಗೆ ಕುಟ್ಟುವುದನ್ನು ನಿಲ್ಲಿಸಿದರು. "ಹಂಗಾರೆ ಆ ಕೈಗೊಂದು ಮೊಖ ಸಿಕ್ಕೀತಾ?" ಎಂದರು.

ಆ ಕೈಯ ವಿಷಯ ಹೇಳಬೇಕು. ನನ್ನ ಮದುವೆಯಲ್ಲಿ ತೆಗೆಸಿದ ಗ್ರೂಪ್ ಫೋಟೋ ಒಂದಿದೆ. ಅತ್ತೆ ಮಾವ ಕುರ್ಚಿಯಲ್ಲಿ, ಹಿಂದೆ ನಾನು, ನನ್ನ ಗಂಡ, ಅವರ ಅಣ್ಣ ಕೃಷ್ಣಪ್ಪನವರು, ಅವರ ಹೆಂಡತಿ. ನನ್ನ ಪಕ್ಕದಲ್ಲಿ ನಾದಿನಿ ಪುಟ್ಟಿ ನಿಂತಿದ್ದಳು. ಈಗ ಅಲ್ಲಿ ಪುಟ್ಟಿ ಇಲ್ಲ, ಕಂದು ಬಣ್ಣದ ರಟ್ಟು ಇದೆ. ನಾನು ಬಂದು ವರ್ಷ ತುಂಬುವುದರೊಳಗೆ ಪುಟ್ಟಿ ಚನ್ನಪಟ್ಟಣದ ಕಡೆಯ ಶಶಿಕಿರಣ್ ಎಂಬ ಹುಡುಗನನ್ನು ಮೆಚ್ಚಿ ಮದುವೆಯಾದಳು. ಅವರದು ಲಿಂಗ ಕಟ್ಟುವ ಮನೆತನ, ಬಾಡು ಮುಟ್ಟದ ಜನ; ನಮ್ಮದು ಮಾಂಸದ ಅಡುಗೆಯ ಮನೆ. ಕೃಷ್ಣಪ್ಪ ಭಾವನವರು ಅಂದು ಆಲ್ಬಮ್ಮನ್ನು ಒಲೆಗೆ ಹಾಕಿದರು. ಗ್ರೂಪ್ ಫೋಟೋದಲ್ಲಿ ಅಪ್ಪ ಇದ್ದುದರಿಂದ ಅದನ್ನು ಸುಡಲಾಗದೆ ಕತ್ತರಿ ತೆಗೆದುಕೊಂಡು ಪುಟ್ಟಿಯೊಬ್ಬಳನ್ನೇ ಕತ್ತರಿಸಿ ತೆಗೆದರು. ಆದರೆ ಅವಳ ಕೈ ನನ್ನ ಹೆಗಲ ಮೇಲಿತ್ತು. ಆ ಕೈ ತೆಗೆಯಬೇಕೆಂದರೆ ನನ್ನ ಕತ್ತನ್ನೂ ತೆಗೆಯಬೇಕಿತ್ತು. ಹೊಸ ಸೊಸೆಯ ಕತ್ತು ಕತ್ತರಿಸಲು ಭಾವನವರಿಗೆ ಸಂಕೋಚವಾಯಿತು. ಹಾಗಾಗಿ ಇಪ್ಪತ್ತೈದು ವರ್ಷಕ್ಕೂ ಹೆಚ್ಚು ಕಾಲದಿಂದ, ಹಸಿರು ಗಾಜಿನ ಬಳೆ ತೊಟ್ಟ, ಯಾರದ್ದೂ ಅಲ್ಲದ ಒಂದು ಕೈ ನನ್ನ ಹೆಗಲ ಮೇಲೆ ಕುಳಿತಿದೆ. ಮನೆಗೆ ಬಂದವರು "ಇದ್ಯಾರ ಕೈ?" ಎಂದು ಕೇಳಿದರೆ ನನ್ನ ಗಂಡ ಗಾಬರಿಯಲ್ಲಿ "ದೇವರದ್ದು" ಎಂದುಬಿಡುತ್ತಿದ್ದರು.

ಆ ಮೇಲೆ ಪುಟ್ಟಿ ಈ ಹೊಸ್ತಿಲು ತುಳಿಯಲಿಲ್ಲ. ಅವಳಿರುವುದು ವಿರೂಪಾಕ್ಷಿಪುರದಲ್ಲಿ, ಎರಡು ಬಸ್ಸು ಬದಲಾಯಿಸಿದರೆ ಬೆಳಗಿನ ತಿಂಡಿ ತಿಂದು ಹೊರಟವರು ಊಟಕ್ಕೆ ತಲುಪುವಷ್ಟು ದೂರ. ಭಾವನವರ ಮನೆಗೂ ನಮ್ಮ ಮನೆಗೂ ನಡುವೆ ಇರುವುದು ಒಂದೇ ಗೋಡೆ. ಆ ಒಂದು ಗೋಡೆಯ ಭಯಕ್ಕೆ ಅತ್ತೆ ಆ ಎರಡು ಬಸ್ಸು ಹತ್ತಿರಲಿಲ್ಲ. ಆದರೆ ಮಧ್ಯಾಹ್ನ ಎಲ್ಲರೂ ಮಲಗಿದಾಗ ಆ ಫೋಟೋದ ಮುಂದೆ ನಿಂತು, ಗಾಜಿನ ಮೇಲೆ ಆ ಕೈಯಿರುವ ಜಾಗವನ್ನಷ್ಟೇ ಸೆರಗಿನಿಂದ ಒರೆಸುವುದನ್ನು ನಾನು ಕಂಡಿದ್ದೆ. ಬೇರೆಯವರ ಮುಖದ ಮೇಲೆ ಧೂಳು ಹಾಗೇ ಇರುತ್ತಿತ್ತು.

ಮಾಗಡಿಯಲ್ಲಿ ಸ್ಟುಡಿಯೋ ಇಟ್ಟಿರುವ ಆಫ್ತಾಬ್ ಆ ಫೋಟೋವನ್ನು ಸ್ಕ್ಯಾನ್ ಮಾಡಿಕೊಟ್ಟ. "ಈ ಕೈ ತೆಗೆದುಬಿಡ್ತೀನಿ ಸಾರ್, ಕಂಪ್ಯೂಟರಲ್ಲಿ ಎರಡು ನಿಮಿಷದ ಕೆಲಸ" ಎಂದನಂತೆ. ನನ್ನ ಗಂಡ ಮನೆಗೆ ಫೋನ್ ಮಾಡಿ ಕೇಳಿದರು. ಅತ್ತೆ ಫೋನ್ ಕಿತ್ತುಕೊಂಡು, "ಆ ಕೈ ಮುಟ್ಟಿದ್ರೆ ಅವನ ಕೈ ಮುರೀತೀನಿ ಅಂತ ಹೇಳು" ಎಂದರು. ಕೈ ಉಳಿಯಿತು.

ಇಷ್ಟರವರೆಗೆ ಯಾರಿಗೂ ಏನೂ ಆಗಿರಲಿಲ್ಲ. ಅನಾಹುತ ಶುರುವಾದದ್ದು ಪುಸ್ತಕದ ಮೊದಲ ಪುಟದಿಂದ. ಮೊದಲ ಪುಟದಲ್ಲಿ ವಂಶವೃಕ್ಷ ಹಾಕಿದರೆ ಚೆಂದ ಎಂದು ಮೊಬೈಲಿನ ಆ ಹೆಣ್ಣುಮಗಳು ಹೇಳಿದ್ದಳು. ಒಂದು ಮರ ಬರೆದು, ಕೊಂಬೆಗೊಂದು ಹೆಸರು ಬರೆದಿದ್ದರೆ ಮುಗಿಯುತ್ತಿತ್ತು. ನನ್ನ ಗಂಡನಿಗೆ ಯಾವುದೇ ಆಗಲಿ ಸೀಲು ಬೀಳದೆ ನಿಜವಲ್ಲ. ನೇರವಾಗಿ ವಿಲೇಜ್ ಅಕೌಂಟೆಂಟ್ ಅನಂತರಾಜು ಅವರ ಮುಂದೆ ಹೋಗಿ ನಿಂತರು.

"ಸಾರ್, ನಮ್ಮ ಕುಟುಂಬದ್ದು ಒಂದು ವಂಶವೃಕ್ಷ ಬೇಕಾಗಿತ್ತು."

ನಮ್ಮ ಸೀಮೆಯಲ್ಲಿ ವಂಶವೃಕ್ಷ ಕೇಳುವುದು ಒಂದೇ ಕಾರಣಕ್ಕೆ: ಆಸ್ತಿ ಪಾಲಾಗುವಾಗ. ಅಜ್ಜನ ನೆನಪಿಗಾಗಿ ಅದನ್ನು ಕೇಳಿದವರು ಇದುವರೆಗೆ ಹುಟ್ಟಿಲ್ಲ. ಅನಂತರಾಜು ಪೆನ್ನು ಕೆಳಗಿಟ್ಟು, ಬಾಗಿಲು ಮುಂದೆ ಮಾಡಿ, ಮೆಲ್ಲಗೆ ಕೇಳಿದರು:

"ಅಣ್ಣನಿಗೆ ಗೊತ್ತಾ?"

"ಇಲ್ಲ ಸಾರ್, ಮುಗಿದ ಮೇಲೆ ತೋರಿಸೋಣ ಅಂತ."

"ಓಹೋ. ಯಾವ ಉದ್ದೇಶಕ್ಕೆ ಅಂತ ಬರೀಲಿ?"

"ಫೋಟೋ ಬುಕ್ಕಿಗೆ ಸಾರ್."

ಅನಂತರಾಜು ನನ್ನ ಗಂಡನನ್ನು ಬಹಳ ಗೌರವದಿಂದ ನೋಡಿದರಂತೆ. "ಇಷ್ಟು ವರ್ಷದ ಸರ್ವಿಸಲ್ಲಿ ಎಲ್ಲಾ ತರದ ಸುಳ್ಳು ಕೇಳಿದ್ದೀನಿ ಮನೋಹರ್. ಇದು ಹೊಸದು. ತಲೆ ಇದೆ ನಿಮಗೆ" ಎಂದರಂತೆ. ನನ್ನ ಗಂಡ ಖುಷಿಯಿಂದ ಮನೆಗೆ ಬಂದು, "ಅನಂತರಾಜು ನನ್ನ ಹೊಗಳಿದರು ಪ್ರತಿಮಾ" ಎಂದರು.

ಅವರು ಮನೆ ಮುಟ್ಟುವ ಮೊದಲೇ ಸುದ್ದಿ ಟೀ ಅಂಗಡಿ ಮುಟ್ಟಿತ್ತು. ಮುಟ್ಟಿದ್ದೇ ತಡ ಬೆಳೆಯತೊಡಗಿತು. ನಮ್ಮ ತೆಂಗಿನ ತೋಟ ರಸ್ತೆಗೆ ಅಂಟಿಕೊಂಡಿದೆ. ಖಾತೆ ಇನ್ನೂ ಮೀಸೆಯ ಹೆಸರಿನಲ್ಲೇ ಇದೆ. ನೋಡಿಕೊಳ್ಳುವವರು ಭಾವನವರು, ನಮಗೆ ವರ್ಷಕ್ಕೆ ಬೇಕಾದ ಕಾಯಿ ಬರುತ್ತದೆ, ನಾವು ಪಾಲು ಕೇಳಿದವರಲ್ಲ. ಈಗ ಕೇಳುತ್ತಿದ್ದೇವೆ ಎಂದು ಊರಿಗೆ ಖಾತ್ರಿಯಾಯಿತು.

ಇದರ ನಡುವೆ ನನ್ನ ಗಂಡ ವಾಟ್ಸಾಪಿನಲ್ಲಿ 'ನಮ್ಮ ವಂಶ' ಎಂಬ ಗ್ರೂಪು ಮಾಡಿ, ನೆಂಟರನ್ನೆಲ್ಲ ಸೇರಿಸಿ, ಸ್ಕ್ಯಾನ್ ಮಾಡಿದ ಫೋಟೋಗಳನ್ನೆಲ್ಲ ಅದರೊಳಗೆ ಹಾಕಿದರು. "ಮೂರನೇ ಪ್ರತಿ" ಎಂದರು. ಹಾಕಿದ್ದಕ್ಕೆ ಬಾಧಕವಿರಲಿಲ್ಲ. ಆದರೆ ಕೆಳಗೆ ಒಂದು ಸೂಚನೆ ಬರೆದರು. ಮನುಷ್ಯ ಜೀವಮಾನದಲ್ಲಿ ಬರೆದದ್ದೆಲ್ಲ ಡೇರಿಯ ನೋಟಿಸೇ. ಬೇರೆ ಭಾಷೆ ಬರಬೇಕಲ್ಲ!

'ಕುಟುಂಬದ ಸಮಸ್ತರಿಗೂ ತಿಳಿಯಪಡಿಸುವುದೇನೆಂದರೆ, ತಮ್ಮ ತಮ್ಮ ಹಳೆಯ ಫೋಟೋಗಳನ್ನು ಗೌರಿ ಹಬ್ಬದೊಳಗೆ ತಪ್ಪದೇ ಹಾಜರುಪಡಿಸತಕ್ಕದ್ದು. ನಂತರ ಬಂದವರನ್ನು ಸೇರಿಸಲಾಗುವುದಿಲ್ಲ. ಬಿಟ್ಟುಹೋದವರು ಮುಂದೆ ಯಾವುದೇ ತಕರಾರು ಮಾಡುವಂತಿಲ್ಲ.'

ಮಾರನೆಯ ಬೆಳಗಿನಿಂದ ನಮ್ಮ ಮನೆಯ ಮುಂದೆ ಚಪ್ಪಲಿ ಇಡಲು ಜಾಗ ಸಾಲದಾಯಿತು. ಹಿಂದೆ ಮಾವನವರ ತಿಥಿಗೂ ಬಾರದವರೆಲ್ಲ ಬಂದರು. ಮಾವನ ಅಜ್ಜನ ತಮ್ಮನ ಮೊಮ್ಮಕ್ಕಳು ಬಂದರು. ಒಬ್ಬಾಕೆ ಕನಕಪುರದಿಂದ ಕೂಸನ್ನು ಕಟ್ಟಿಕೊಂಡು ಬಂದು, "ಇದರ ಫೋಟೋ ಇಲ್ಲ, ಮಗೂನೇ ತಂದಿದ್ದೀನಿ, ಬರ್ಕೊಳಿ" ಎಂದಳು. ನನ್ನ ಗಂಡ ಭುಜದುದ್ದದ ಗವಸು ತೊಟ್ಟು ಪ್ರತಿಯೊಂದು ಫೋಟೋವನ್ನೂ ಬೆಳಕಿಗೆ ಹಿಡಿದು ನೋಡುತ್ತಿದ್ದರು. ಬಂದವರು ಕೈಕಟ್ಟಿ ನಿಲ್ಲುತ್ತಿದ್ದರು. ಬೆರಳಚ್ಚು ಬೀಳಬಾರದೆಂದು ಗವಸು ಹಾಕಿದ್ದಾರೆ, ಆಮೇಲೆ ಕೋರ್ಟಿನಲ್ಲಿ ತೊಂದರೆಯಾಗುತ್ತದೆ ಎಂದು ಒಬ್ಬರು ಇನ್ನೊಬ್ಬರಿಗೆ ಪಿಸುಗುಟ್ಟುವುದು ಅಡುಗೆಮನೆಗೂ ಕೇಳುತ್ತಿತ್ತು.

ನಾನು ಟೀ ಕಾಸುತ್ತಿದ್ದೆ. ಹೆಂಗಸಿಗೆ ಗಂಡನ ವಂಶ ಎಷ್ಟು ದೊಡ್ಡದೆಂದು ಗೊತ್ತಾಗುವುದು ಲೋಟ ತೊಳೆಯುವಾಗ.

ಇವರೆಲ್ಲರಿಗೆ ಕಿರೀಟವಿಟ್ಟಂತೆ ಬಂದವರು ತಿಮ್ಮಯ್ಯನವರು. ದೂರದ ದಾಯಾದಿ, ಎಷ್ಟು ದೂರವೆಂದರೆ ಅವರೇ ಹೇಳಲು ಹೋಗಿ ನಡುವೆ ದಾರಿ ತಪ್ಪುತ್ತಿದ್ದರು. ದೊಡ್ಡ ಮೀಸೆ, ಬಿಳಿ ಪಂಚೆ. ಒಂದು ದೊಡ್ಡ ಫೋಟೋವನ್ನು ಪ್ಲಾಸ್ಟಿಕ್ ಕವರಿನಿಂದ ತೆಗೆದು ಗಂಭೀರವಾಗಿ ಕೊಟ್ಟರು.

"ನಿನ್ನ ಮದುವೇಲಿ ನಾನೂ ಇದ್ದೆ ಕಣಪ್ಪ ಮನೋರ. ಮರ್ತ್ಬುಟ್ಟಿದ್ದೀಯ."

ನನ್ನ ಗಂಡ ನೋಡಿದರು. ಕನ್ನಡಕ ಒರೆಸಿ ಮತ್ತೆ ನೋಡಿದರು. "ಪ್ರತಿಮಾ, ಒಸಿ ಬಾ ಇಲ್ಲಿ" ಎಂದು ಕೂಗಿದರು.

ಅದು ನಮ್ಮ ಗ್ರೂಪ್ ಫೋಟೋವೇ. ವಾಟ್ಸಾಪಿನಲ್ಲಿ ಹಾಕಿದ್ದನ್ನು ತೆಗೆದುಕೊಂಡು ತಿಮ್ಮಯ್ಯನವರು ಯಾರ ಕೈಲೋ ಕಂಪ್ಯೂಟರಿನಲ್ಲಿ ತಮ್ಮನ್ನು ಸೇರಿಸಿಕೊಂಡಿದ್ದರು. ಖಾಲಿ ಜಾಗ ಎಲ್ಲಿದೆ ಎಂದು ಹುಡುಕಿದಾಗ ಸಿಕ್ಕಿದ್ದು ಪುಟ್ಟಿಯನ್ನು ಕತ್ತರಿಸಿದ ಜಾಗ. ಈಗ ಆ ರಟ್ಟಿನ ಜಾಗದಲ್ಲಿ, ಇಪ್ಪತ್ತೈದು ವರ್ಷಗಳ ಹಿಂದಿನ ನನ್ನ ಪಕ್ಕದಲ್ಲಿ, ಈಗಿನ ಮುಪ್ಪಿನ ತಿಮ್ಮಯ್ಯನವರು ಮೀಸೆ ತಿರುವಿಕೊಂಡು ನಿಂತಿದ್ದರು. ಅವರ ಕೈ, ಹಸಿರು ಗಾಜಿನ ಬಳೆ ತೊಟ್ಟು, ನನ್ನ ಹೆಗಲ ಮೇಲಿತ್ತು.

ಪಡಸಾಲೆಯಲ್ಲಿದ್ದವರು ಫೋಟೋವನ್ನೂ ನೋಡಿದರು, ತಿಮ್ಮಯ್ಯನವರ ಮಣಿಕಟ್ಟನ್ನೂ ನೋಡಿದರು.

"ಏನಣ್ಣ, ಬಳೆ?" ಎಂದು ಒಬ್ಬ ಕೇಳಿದ.

ತಿಮ್ಮಯ್ಯನವರು ಅಲುಗಾಡಲಿಲ್ಲ. "ಆಗ ಒಂದು ಹರಕೆ ಇತ್ತು" ಎಂದರು.

ಅತ್ತೆ ಮೂಲೆಯಿಂದ ಎದ್ದು ಬಂದರು. ಫೋಟೋವನ್ನು ಕೈಗೆ ತೆಗೆದುಕೊಂಡು ಬಹಳ ಹೊತ್ತು ನೋಡಿದರು. "ತಿಮ್ಮ, ನಿನ್ನ ಮೊಖ ಚೆನ್ನಾಗೈತೆ ಕಣೋ" ಎಂದರು. "ಆದ್ರೆ ಈ ಕೈ ನಾನು ಹೆತ್ತಿದ್ದು." ಅಷ್ಟು ಹೇಳಿ ಫೋಟೋವನ್ನು ತಿರುವಿ ಹಾಕಿ, ಹೊಗೆಸೊಪ್ಪಿನ ಡಬ್ಬಿಯನ್ನು ಅದರ ಮೇಲಿಟ್ಟು ಕುಳಿತರು. ತಿಮ್ಮಯ್ಯನವರು ಟೀ ಕುಡಿಯದೆ ಹೋದರು. ನನಗೆ ತೊಳೆಯಲು ಒಂದು ಲೋಟ ಕಮ್ಮಿಯಾಯಿತು.

ಗೋಡೆಯಾಚೆ ಭಾವನವರಿಗೆ ನಿದ್ದೆ ಹತ್ತುತ್ತಿರಲಿಲ್ಲ. ತಮ್ಮನನ್ನು ಬಂದು ಕೇಳಿದ್ದರೆ ಮುಗಿಯುತ್ತಿತ್ತು, ಆದರೆ ಹಿರಿಯರು ಕಿರಿಯರನ್ನು ಕೇಳುವುದು ನಮ್ಮಲ್ಲಿ ಸಂಪ್ರದಾಯವಲ್ಲ. ಅವರು ತಮ್ಮ ಹೆಂಡತಿಯನ್ನು, ಅಂದರೆ ನನ್ನ ವಾರಗಿತ್ತಿಯನ್ನು, ಸಾರಿಗೆ ಕರಿಬೇವು ಕೇಳುವ ನೆಪದಲ್ಲಿ ಕಳಿಸುತ್ತಿದ್ದರು. ಆಕೆ ದಿನಕ್ಕೆ ಎಷ್ಟು ಸಲ ಬಂದಳೆಂದರೆ ನಮ್ಮ ಹಿತ್ತಲ ಕರಿಬೇವಿನ ಗಿಡ ಬೋಳಾಯಿತು.

ಅಷ್ಟರಲ್ಲಿ ನನ್ನ ಗಂಡ ಇನ್ನೊಂದು ಎಡವಟ್ಟು ಮಾಡಿದರು. ಅಸಲಿ ಫೋಟೋಗಳು ಮನೆಯಾಚೆ ಇರಬೇಕಲ್ಲ, ಅವನ್ನು ಅತ್ತೆಯ ಮದುವೆಯ ಕಬ್ಬಿಣದ ಟ್ರಂಕಿನಲ್ಲಿ ತುಂಬಿ, ಹೊದಿಕೆ ಮುಚ್ಚಿ, ಹಾಲು ಹಾಕುವ ಹೊತ್ತಿಗೇ ಡೇರಿಗೆ ಹೊತ್ತುಕೊಂಡು ಹೋದರು. ಡೇರಿಯ ಕೋಣೆಗೆ ಸಿಮೆಂಟು ನೆಲ, ಗೆದ್ದಲು ಬರುವುದಿಲ್ಲ ಎಂಬುದು ಅವರ ಲೆಕ್ಕ. ಊರಿನ ಅರ್ಧ ಜನ ಆ ಹೊತ್ತಿಗೆ ಹಾಲಿನ ಕ್ಯಾನು ಹಿಡಿದು ಅದೇ ದಾರಿಯಲ್ಲಿರುತ್ತಾರೆ ಎಂಬುದು ಸೆಕ್ರೆಟರಿಗೆ ಹೊಳೆಯಲಿಲ್ಲ.

"ಅವ್ವನ ಒಡವೆ, ತೋಟದ ಪತ್ರ ಎಲ್ಲಾ ಸಾಗ್ಸ್ಬುಟ್ಟ ಕಣ್ಲಾ ಕೃಷ್ಣಪ್ಪ!" ಎಂದು ಟೀ ಅಂಗಡಿಯ ಬೆಂಚಿನಲ್ಲಿ ಕುಳಿತಿರುವ ಲಕ್ಷ್ಮಯ್ಯ ಭಾವನವರಿಗೆ ಕೂಗಿ ಹೇಳಿದನಂತೆ.

ಅವತ್ತು ಭಾವನವರು ತಾವೇ ಬಂದರು. ತಮ್ಮನ ಬಳಿಗಲ್ಲ, ತಾಯಿಯ ಬಳಿಗೆ. ನನ್ನ ಗಂಡ ಡೇರಿಯಲ್ಲಿದ್ದರು. ನಾನು ಒಳಗೆ ರಾಗಿ ಹಿಟ್ಟು ಜರಡಿ ಹಿಡಿಯುತ್ತಿದ್ದೆ.

"ಅವ್ವ, ಏನ್ ನಡೀತೈತೆ ಈ ಮನೇಲಿ? ಮನೋರ ವಂಶವೃಕ್ಷ ಮಾಡ್ಸಾಕ್ ಕೊಟ್ಟವ್ನಂತೆ?"

"ಹೂಂ ಕಣಪ್ಪ, ಕೊಟ್ಟವ್ನೆ."

"ಯಾಕಂತೆ?"

"ಫೋಟೋ ಬುಕ್ಕಿಗೆ ಅಂತಾನೆ."

"ಅದ್ನ ನೀನು ನಂಬ್ತೀಯ?"

ಅತ್ತೆ ಡಬ್ಬಿಯಿಂದ ಒಂದು ಎಲೆ ತೆಗೆದರು. ಎಲೆಗೆ ಸುಣ್ಣ ಸವರಿದರು. ಆಮೇಲೆ, ಮಳೆ ಬರುತ್ತದಾ ಎಂದು ಕೇಳುವವರಂತೆ ಕೇಳಿದರು: "ಪಾಲಾಗೋದಾದ್ರೆ ಹೆಣ್ಣುಮಗಳ ಸೈನೂ ಬೇಕಾಯ್ತದಂತಲ್ಲಪ್ಪ? ಈಗಿನ ಕಾನೂನಲ್ಲಿ?"

ಭಾವನವರು ಅವ್ವನ ಪಕ್ಕ ಕುಕ್ಕರಿಸಿದರು.

"ಮನೋರ ಏನಾರ ಪುಟ್ಟಿ ಹತ್ರ ಹೋಗ್ ಬಂದ್ನಾ?"

"ಇನ್ನೂ ಇಲ್ಲ ಅನ್ಸುತ್ತೆ. ಹಬ್ಬಕ್ಕೆ ಬಾಗಿನ ತಕ್ಕೊಂಡು ಹೋಗೋನೋ ಏನೋ, ನಂಗೇನ್ ಗೊತ್ತು, ಮುದುಕಿ."

ಹಿಟ್ಟಿನ ಜರಡಿ ನನ್ನ ಕೈಯಲ್ಲೇ ನಿಂತಿತು. ನನ್ನ ಗಂಡ ಬಾಗಿನದ ಮಾತನ್ನು ಕನಸಿನಲ್ಲೂ ಎತ್ತಿರಲಿಲ್ಲ. ಆದರೆ ಮುದುಕರು ಏನೇನೋ ಅಂದುಕೊಳ್ಳುತ್ತಾರೆ ಎಂದು ಸುಮ್ಮನಾದೆ.

ಅದೇ ಸಂಜೆ ಅತ್ತೆ ನನ್ನನ್ನು ಕರೆದು ಹೇಳಿದರು, "ಸೋಲೂರಿಗೆ ಹೋದಾಗ ಒಂದು ಜೊತೆ ಹೊಸ ಪಾತ್ರೆ ತಕ್ಕೊಂಡ್ ಬಾ. ಒಂದು ಬಾಣಲೆ, ಒಂದು ಸಾರಿನ್ ಪಾತ್ರೆ, ಎರಡು ತಟ್ಟೆ. ಬಾಡು ಮುಟ್ಟಿರಬಾರದು. ತಂದು ಬೇರೆ ಮಡಗು."

"ಗೌರಿ ನೈವೇದ್ಯಕ್ಕಾ ಅತ್ತೆ?"

"ಗೌರಿಗೇಯ" ಎಂದರು. ಇಷ್ಟು ವರ್ಷ ಗೌರಮ್ಮ ನಮ್ಮ ಹಳೆಯ ಪಾತ್ರೆಯಲ್ಲೇ ಒಬ್ಬಟ್ಟು ತಿಂದು ಹೋಗಿದ್ದಳು, ಒಂದು ದಿನವೂ ಆಕ್ಷೇಪಣೆ ಎತ್ತಿರಲಿಲ್ಲ. ಆದರೂ ತಂದೆ.

ಹಬ್ಬದ ಹಿಂದಿನ ದಿನ ಭಾವನವರು ಇಸ್ತ್ರಿ ಮಾಡಿದ ಬಿಳಿ ಅಂಗಿ ತೊಟ್ಟು, ಬಾಡಿಗೆ ಕಾರಿನಲ್ಲಿ ಎಲ್ಲಿಗೋ ಹೋದರು. ವಾರಗಿತ್ತಿ ಕರಿಬೇವು ಕೇಳಲು ಬರಲಿಲ್ಲ. ಎಲ್ಲಿಗೆ ಹೋದರೆಂದು ಕೇಳಿದರೆ "ಎಲೆಕೋಸಿನ ಬೀಜ ತರಾಕೆ" ಎಂದಳು. ಬೀಜ ತರಲು ಹೋದವರು ಮೊರದ ಬಾಗಿನ ಒಯ್ದಿದ್ದನ್ನು ಲಕ್ಷ್ಮಯ್ಯ ಕಂಡಿದ್ದ.

ಮುಂದಿನದನ್ನು ಪುಟ್ಟಿ ಆಮೇಲೆ ನನಗೆ ಹೇಳಿದ್ದು. ವಿರೂಪಾಕ್ಷಿಪುರದಲ್ಲಿ ಅವರದೊಂದು ಹಾರ್ಡ್‌ವೇರ್ ಅಂಗಡಿ. ಪುಟ್ಟಿ ಗಿರಾಕಿಗೆ ಮೊಳೆ ತೂಗುತ್ತಿದ್ದಳಂತೆ. ತಲೆಯೆತ್ತಿ ನೋಡಿದರೆ ಬಾಗಿಲಲ್ಲಿ ಅಣ್ಣ. ಎರಡೂ ಕೈಯಲ್ಲಿ ಮೊರ, ಮೊರದೊಳಗೆ ಬಳೆ, ಕುಂಕುಮ, ತೆಂಗಿನಕಾಯಿ, ರವಿಕೆ ಕಣ. ಮಾತಿಲ್ಲ. ಪುಟ್ಟಿ ತಕ್ಕಡಿಯನ್ನು ಕೆಳಗೆ ಹಾಕಿ, "ಅಣ್ಣ, ಯಾರ್ ಹೋದ್ರು?" ಎಂದಳಂತೆ.

"ಯಾರೂ ಹೋಗಿಲ್ಲ."

"ಅವ್ವ?"

"ಗುಂಡ್‌ಕಲ್ಲಂಗವ್ಳೆ. ಬಾಗಿನ ತಕ್ಕೋ. ಆಮೇಲೆ ಒಂದು ಸೈನ್ ವಿಚಾರ ಮಾತಾಡದೈತೆ."

ಮನೋಹರ ಬಂದು ಕೇಳಿದರೆ ಪಾಲಿಗೆ ಸೈನ್ ಹಾಕಬೇಡ, ನನ್ನ ಕಡೆ ಇರು, ಎಂದು ಭಾವನವರು ಬಿಡಿಸಿ ಹೇಳಿದರಂತೆ. ಪುಟ್ಟಿ ಗಂಡನ ಮುಖ ನೋಡಿದಳು. ಶಶಿಕಿರಣ್ ಮೊಳೆಯ ಡಬ್ಬಿ ಮುಚ್ಚಿದರು. "ಯಾವ ಕಡೆ ಇರಬೇಕೋ ಅವ್ವನ ಮುಂದೇನೇ ಹೇಳ್ತೀನಿ ಅಣ್ಣ. ಬೆಳಿಗ್ಗೆ ನಾವೂ ಕಾರ್ ಹತ್ತೀವಿ" ಎಂದಳಂತೆ ಪುಟ್ಟಿ. ಬಾಗಿನ ಕೊಟ್ಟ ಬಾಯಲ್ಲಿ ಬರಬೇಡ ಅನ್ನುವುದು ಹೇಗೆ? ಭಾವನವರು ರಾತ್ರಿ ಅಲ್ಲೇ ಉಳಿದು ಆ ಪ್ರಶ್ನೆಗೆ ಉತ್ತರ ಹುಡುಕಿ, ಬೆಳಗ್ಗೆ ಇನ್ನೂ ಹುಡುಕುತ್ತಿರುವಾಗಲೇ ಕಾರು ರಾಮನಗರ ದಾಟಿತ್ತಂತೆ.

ಗೌರಿ ಹಬ್ಬದ ಬೆಳಗ್ಗೆ ಕಾರು ಬಂದು ನಿಂತಾಗ ಪಾಲು ನೋಡಲು ಊರು ನೆರೆದಿತ್ತು. ಅನಂತರಾಜು ಕೂಡ 'ಸ್ಥಳ ಪರಿಶೀಲನೆ'ಗೆಂದು ಹಬ್ಬದ ರಜೆಯಲ್ಲೂ ಬಂದಿದ್ದರು. ತಿಮ್ಮಯ್ಯನವರು ಹಿಂದೆ ಒಂದು ಕಂಬಕ್ಕೆ ಅಂಟಿಕೊಂಡಿದ್ದರು, ಈ ಸಲ ಕೈಗಳನ್ನು ಟವೆಲಿನಲ್ಲಿ ಮುಚ್ಚಿಕೊಂಡು.

ಭಾವನವರು ಇಳಿದು ಗುಡುಗಿದರು. "ಎಲ್ಲಿ ಆಚೆ ಕರೀರಿ ಅವನ್ನ! ತಕ್ಕಂಬಾ ಅನ್ರಿ ಅದೇನು ಮಾಡ್ಸವ್ನೋ! ಎಲ್ಲಾರ ಎದ್ರಿಗೂ ಓದ್ಲಿ!"

ನನ್ನ ಗಂಡ ಭುಜದುದ್ದದ ಗವಸು ತೊಟ್ಟುಕೊಂಡೇ ಆಚೆ ಬಂದರು. ಆ ಎರಡೂ ಕೈಗಳ ಮೇಲೆ, ಕೂಸನ್ನು ಹೊರುವಂತೆ, ಸ್ಕ್ರ್ಯಾಪ್ ಬುಕ್ ಇತ್ತು. "ನಿನ್ನೆ ರಾತ್ರೀನೇ ಮುಗೀತು ಅಣ್ಣ. ನಿಂಗೇ ಮೊದ್ಲು ತೋರ್ಸೋಣ ಅಂತಿದ್ದೆ" ಎಂದರು. ಸಂತೋಷದಿಂದ ಅವರ ಕಣ್ಣು ಮಿನುಗುತ್ತಿತ್ತು. ಪಕ್ಕದಲ್ಲಿ ಯಾರು ನಿಂತಿದ್ದಾರೆಂದು ಅವರಿನ್ನೂ ನೋಡಿರಲಿಲ್ಲ.

ಭಾವನವರು ಪುಸ್ತಕ ಕಿತ್ತುಕೊಂಡು ಮೊದಲ ಪುಟ ತೆರೆದರು. ಸೀಲು ಬಿದ್ದ ವಂಶವೃಕ್ಷ ಇನ್ನೂ ಕೈಸೇರದಿದ್ದುದರಿಂದ ಅಲ್ಲಿ ಮೀಸೆ ಇತ್ತು. ಸುತ್ತಲೂ ಬಂಗಾರದ ಬಣ್ಣದ ಕಾಗದದ ಹೂವು, ಕೆಳಗೆ ದುಂಡಗೆ 'ಅಪ್ಪ' ಎಂದು ಬರೆದಿತ್ತು. ಎರಡನೇ ಪುಟದಲ್ಲಿ ಭಾವನವರೇ ಇದ್ದರು, ಚಡ್ಡಿಯಿಲ್ಲದೆ, ಎರಡು ವರ್ಷದವರು. ಇದನ್ನು ಕನಕಪುರದ ಕಡೆಯವರು ತಂದುಕೊಟ್ಟಿದ್ದರು. ಹಿಂದಿನಿಂದ ಇಣುಕುತ್ತಿದ್ದ ಲಕ್ಷ್ಮಯ್ಯ ಜೋರಾಗಿ ನಕ್ಕ. ಭಾವನವರು ಪುಟ ಮಗುಚಿದರು, ಇನ್ನೂ ಮಗುಚಿದರು. ಸರ್ವೇ ನಂಬರು ಎಲ್ಲೂ ಇರಲಿಲ್ಲ.

"ಪತ್ರ ಎಲ್ಲಿ?" ಎಂದರು.

"ಯಾವ್ ಪತ್ರ?"

"ಪಾಲಿಂದು ಕಣ್ಲಾ!"

"ಯಾವ್ ಪಾಲು?"

ಊರು ಅನಂತರಾಜು ಕಡೆ ನೋಡಿತು. ಅನಂತರಾಜು ಆಕಾಶ ನೋಡಿದರು. "ಫೋಟೋ ಬುಕ್ಕಿಗೆ ಅಂತ ಅವರು ನಂಗೆ ಹೇಳಿದ್ರು" ಎಂದು ಒಪ್ಪಿಕೊಂಡರು. "ನಿಜ ಹೇಳ್ತಾರೆ ಅಂತ ಯಾರಿಗ್ರೀ ಗೊತ್ತು?"

"ಇದಕ್ಕಾ..." ಎಂದರು ಭಾವನವರು. ಬಿಳಿ ಅಂಗಿ, ಬಾಡಿಗೆ ಕಾರು, ಮೊರದ ಬಾಗಿನ ಎಲ್ಲವೂ ಅವರ ಮುಖದ ಮೇಲೆ ಸಾಲಾಗಿ ಹಾದುಹೋದವು.

ಪುಟ್ಟಿ ಅವರ ಹಿಂದೆ ನಿಂತಿದ್ದಳು. ತಲೆ ಅರ್ಧ ನರೆತಿತ್ತು, ಕನ್ನಡಕ ಬಂದಿತ್ತು, ಬಾಗಿನದ ಬಳೆಗಳನ್ನು ತೊಟ್ಟಿದ್ದಳು. ಅವು ಹಸಿರು. ಅತ್ತೆ ಹೊಸ್ತಿಲಲ್ಲಿದ್ದರು. ಯಾರಾದರೂ ಅಳಬಹುದೆಂದು ಊರಿನ ಹೆಂಗಸರು ಸೆರಗು ಸಿದ್ಧ ಮಾಡಿಕೊಂಡರು.

ಅತ್ತೆ ಅಳಲಿಲ್ಲ. "ಕಾಲ್ ತೊಳಕೊಂಡ್ ಒಳಕ್ ಬಾ" ಎಂದರು. ಆಮೇಲೆ ಶಶಿಕಿರಣ್ ಕಡೆ ತಿರುಗಿ, "ಊಟ ಮಾಡ್ಕೊಂಡೇ ಹೋಗಪ್ಪ. ಪಾತ್ರೆ ಹೊಸವು. ಬಾಡು ಮುಟ್ಟಿಲ್ಲ" ಎಂದರು.

ನಾನು ಅತ್ತೆಯ ಮುಖ ನೋಡಿದೆ. ಅವರು ನನ್ನ ಮುಖ ನೋಡಲಿಲ್ಲ. ಬಹಳ ಶ್ರದ್ಧೆಯಿಂದ ಎಲೆಗೆ ಸುಣ್ಣ ಸವರುತ್ತಿದ್ದರು.

ಊಟವಾದ ಮೇಲೆ, ಬಂದ ತಪ್ಪಿಗೆ ಅನಂತರಾಜು ಅವರ ಕೈಗೆ ಮೊಬೈಲು ಕೊಟ್ಟು ಗ್ರೂಪ್ ಫೋಟೋ ತೆಗೆಸಿದೆವು. ಹಳೆಯ ಜಾಗಗಳಲ್ಲೇ ನಿಂತೆವು. ಮಾವನವರ ಕುರ್ಚಿಯ ಮೇಲೆ ಮೀಸೆಯ ಪುಟ ತೆರೆದಿಟ್ಟೆವು. ಪುಟ್ಟಿ ನನ್ನ ಪಕ್ಕ ಬಂದು, ಕೇಳದೆಯೇ, ನನ್ನ ಹೆಗಲ ಮೇಲೆ ಕೈ ಇಟ್ಟಳು. ಇಷ್ಟು ವರ್ಷ ಅಲ್ಲೇ ಇದ್ದ ಕೈ. ಆದರೂ ಭಾರವಿದೆ ಎಂದು ಅವತ್ತು ಗೊತ್ತಾಯಿತು.

"ಇದನ್ನ ಮೂರು ಪ್ರತಿ ಮಾಡಿಸ್ತೀನಿ" ಎಂದರು ನನ್ನ ಗಂಡ. "ಒಂದು ಇಲ್ಲಿ, ಒಂದು ಡೇರೀಲಿ, ಇನ್ನೊಂದು..."

"ಡೇರೀಲ್ಯಾಕ್ಲಾ? ಹಸುಗೋಳು ನೋಡ್ತವಾ?" ಎಂದರು ಅತ್ತೆ. "ಒಂದು ಇಲ್ಲಿ. ಒಂದು ಪುಟ್ಟಿ ಮನೇಲಿ. ಒಂದು ಗೋಡೆಯಾಚೆ ಕೃಷ್ಣಪ್ಪನ ಮನೇಲಿ. ಕತ್ತರಿಗೂ ಒಸಿ ಓಡಾಟ ಆಗ್ಲಿ."

ಯಾರೂ ನಗಲಿಲ್ಲ, ಭಾವನವರ ಎದುರು ನಗುವ ಧೈರ್ಯ ಇನ್ನೂ ಯಾರಿಗೂ ಬಂದಿರಲಿಲ್ಲ. ಅವರು ಹಿಂದಿನ ಸಾಲಿನಲ್ಲಿ ನಿಂತು, ಕೈಗಳನ್ನು ಒಮ್ಮೆ ಕಟ್ಟುತ್ತಿದ್ದರು, ಒಮ್ಮೆ ಜೇಬಿಗೆ ಹಾಕುತ್ತಿದ್ದರು, ಒಮ್ಮೆ ಇಳಿಬಿಡುತ್ತಿದ್ದರು.

"ಕೃಷ್ಣಪ್ಪನೋರೇ, ಅಲ್ಲಾಡಬೇಡಿ" ಎಂದರು ಅನಂತರಾಜು.

"ಈ ಕೈ ಎಲ್ ಮಡಿಕ್ಕೊಳ್ಲಿ ಅವ್ವ ನಾನು?" ಎಂದು ಭಾವನವರು ಸಿಡುಕಿದರು.

ಅತ್ತೆ ತಿರುಗಿ ನೋಡದೆ, ಮೊಬೈಲಿನ ಕಡೆಗೇ ಮುಖ ಇಟ್ಟುಕೊಂಡು ಹೇಳಿದರು: "ಎಲ್ಲಾದ್ರೂ ಮಡಿಕ್ಕೋ ಮಗ. ಕತ್ತರಿ ಮಾತ್ರ ಕೆಳಗ್ ಮಡಗು."